ನಿಲ್ಲಬಲ್ಲ ಗೊಂಬೆ: ಮನೆಯಲ್ಲೇ ಸ್ಟಾಪ್ ಮೋಷನ್ ಗೊಂಬೆ ಕಟ್ಟಿ ನಡೆಸುವ ಸಮಗ್ರ ಮಾರ್ಗದರ್ಶಿ

ಗೊಂಬೆಯನ್ನು ಚೂರು ಸರಿಸಿ ಒಂದು ಫೋಟೊ, ಮತ್ತೆ ಚೂರು ಸರಿಸಿ ಇನ್ನೊಂದು ಫೋಟೊ. ಇವನ್ನೆಲ್ಲ ಸಾಲಾಗಿ ಓಡಿಸಿದರೆ ಗೊಂಬೆ ತಾನಾಗಿ ಎದ್ದು ನಡೆಯುತ್ತದೆ. ಸ್ಟಾಪ್ ಮೋಷನ್ ಎಂದರೆ ಇಷ್ಟೇ. ಇದಕ್ಕೆ ಕೈಹಾಕುವವರು ಸಾಮಾನ್ಯವಾಗಿ ಗೊಂಬೆ ಹೇಗೆ ಅಲುಗಾಡಬೇಕು ಎಂದು ಯೋಚಿಸುತ್ತಾ ಶುರುಮಾಡುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ ಇದೆ: ಗೊಂಬೆ ನಿಲ್ಲುತ್ತದೆಯೇ? ಒಂಟಿ ಕಾಲಿನ ಮೇಲೆ, ಇನ್ನೊಂದು ಕಾಲು ಗಾಳಿಯಲ್ಲಿರುವಾಗ, ನೀವು ಕೈ ಬಿಟ್ಟು ಊಟ ಮುಗಿಸಿ ಬರುವ ತನಕ ಒಂದು ಮಿಲಿಮೀಟರೂ ವಾಲದೆ ನಿಲ್ಲುತ್ತದೆಯೇ? ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಸೂತ್ರದ ಗೊಂಬೆಗಳಿಗೆ ಮೇಲಿನಿಂದ ಹಿಡಿದ ಕೈ ಇರುತ್ತದೆ. ನಮ್ಮ ಗೊಂಬೆಗೆ ಆ ಕೈ ಇಲ್ಲ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಕೆಳಗೆ ಹೇಳುವ ತಂತಿ, ನಟ್ಟು, ಅಂಟು, ಬೆಳಕು ಎಲ್ಲದರ ಉದ್ದೇಶವೂ ಒಂದೇ: ನೀವು ಸರಿಸಿದ್ದು ಮಾತ್ರ ಸರಿಯಬೇಕು, ಉಳಿದದ್ದೆಲ್ಲ ಇದ್ದಲ್ಲೇ ಇರಬೇಕು.

ಮೊದಲ ಗೊಂಬೆ ಯಾರು?

ಗೊಂಬೆಗಿಂತ ಮೊದಲು ದೃಶ್ಯ ಬರೆಯಿರಿ. ಹತ್ತೇ ಸೆಕೆಂಡಿನ ದೃಶ್ಯ ಸಾಕು. ಈ ಬರಹದ ಉದ್ದಕ್ಕೂ ನಾನು ಇಟ್ಟುಕೊಳ್ಳುವ ಉದಾಹರಣೆ ಇದು: ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ, ಬಿಳಿ ಮೀಸೆಯ ಒಬ್ಬ ತಾತ ನಾಲ್ಕು ಹೆಜ್ಜೆ ನಡೆದು ಬರುತ್ತಾನೆ, ನಿಲ್ಲುತ್ತಾನೆ, ಚಹಾದ ಲೋಟ ಎತ್ತಿಕೊಂಡು ಒಂದು ಮಾತು ಹೇಳುತ್ತಾನೆ.

ಈ ತಾತನನ್ನು ಆರಿಸಿದ್ದಕ್ಕೆ ಕಾರಣಗಳಿವೆ. ಗೊಂಬೆಯಲ್ಲಿ ಕಟ್ಟಲು ತೀರಾ ಕಷ್ಟವಾದ ಜಾಗ ತೊಡೆ ಮತ್ತು ಸೊಂಟ ಸೇರುವಲ್ಲಿ. ಪಂಚೆ ಅದನ್ನು ಮುಚ್ಚುತ್ತದೆ. ಮೊಣಕಾಲಿನ ಕೆಳಗೆ ಕಾಲು ಕಾಣುವುದರಿಂದ ನಡಿಗೆಯನ್ನು ಸರಿಯಾಗಿ ಕಲಿತಂತೆಯೂ ಆಗುತ್ತದೆ. ಮೀಸೆ ಮೇಲ್ತುಟಿಯನ್ನು ಮರೆಮಾಡುವುದರಿಂದ ಮಾತಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ವಯಸ್ಸಾದವರ ನಡೆ ನಿಧಾನ, ಹೆಜ್ಜೆ ಚಿಕ್ಕದು, ಆದ್ದರಿಂದ ಸಮತೋಲದ ಕಾಟ ಕಡಿಮೆ. ನಡಿಗೆಯೇ ಬೇಡ ಎನ್ನುವವರು ನೆಲ ಮುಟ್ಟುವ ಸೀರೆಯುಟ್ಟ ಅಜ್ಜಿಯನ್ನು ಮಾಡಿ. ಪಾದ ಕಾಣುವುದೇ ಇಲ್ಲ. ಇಡೀ ಗೊಂಬೆಯನ್ನು ಸ್ವಲ್ಪ ಸ್ವಲ್ಪ ಮುಂದೆ ಜರುಗಿಸಿ, ಭುಜವನ್ನು ಎಡಕ್ಕೂ ಬಲಕ್ಕೂ ಚೂರು ವಾಲಿಸಿದರೆ ನಡೆದಂತೆಯೇ ಕಾಣುತ್ತದೆ.

ಎತ್ತರ 22 ಸೆಂಟಿಮೀಟರ್ ಇರಲಿ. ಇದಕ್ಕಿಂತ ಚಿಕ್ಕದಾದರೆ ಬೆರಳು, ಕಣ್ಣು ಕೈಗೆ ಸಿಗುವುದಿಲ್ಲ. ದೊಡ್ಡದಾದರೆ ತೂಕ ಹೆಚ್ಚಿ ತಂತಿ ಬಾಗುತ್ತದೆ, ಮನೆ, ಬೆಂಚು, ಮರ ಎಲ್ಲವನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಬೇಕಾಗುತ್ತದೆ. ನಿಜವಾದ ಮನುಷ್ಯನ ದೇಹ ತಲೆಯ ಏಳೂವರೆ ಪಟ್ಟು ಇದ್ದರೆ, ಗೊಂಬೆಗೆ ನಾಲ್ಕರಿಂದ ಐದು ಪಟ್ಟು ಸಾಕು. ತಲೆ, ಅಂಗೈ, ಪಾದ ಮೂರನ್ನೂ ಸ್ವಲ್ಪ ದೊಡ್ಡದಾಗಿಯೇ ಬರೆಯಿರಿ. ಭಾವ ಕಾಣುವುದು ತಲೆ ಮತ್ತು ಕೈಯಲ್ಲಿ, ಗೊಂಬೆ ನಿಲ್ಲುವುದು ಪಾದದ ಮೇಲೆ.

ಒಂದು ಬಿಳಿ ಹಾಳೆಯ ಮೇಲೆ ತಾತನನ್ನು ನಿಜ ಅಳತೆಯಲ್ಲೇ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಬರೆಯಿರಿ. ಕುತ್ತಿಗೆ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡು, ಕಾಲ್ಬೆರಳಿನ ಬುಡ, ಇಷ್ಟು ಕೀಲುಗಳಿಗೂ ಚುಕ್ಕೆ ಇಡಿ. ಮುಂದೆ ಪ್ರತಿಯೊಂದು ತುಂಡನ್ನೂ ಈ ಹಾಳೆಯ ಮೇಲೆ ಇಟ್ಟು ನೋಡಿಯೇ ಕತ್ತರಿಸಬೇಕು.

ಅಸ್ಥಿಪಂಜರ

ದೊಡ್ಡ ಸ್ಟುಡಿಯೊಗಳು ಉಕ್ಕಿನ ಗೋಲಿ ಮತ್ತು ಬಟ್ಟಲಿನ ಕೀಲು ಇರುವ ಅಸ್ಥಿಪಂಜರ ಮಾಡಿಸುತ್ತವೆ. ಮನೆಯ ಹವ್ಯಾಸಕ್ಕೆ ಅಲ್ಯೂಮಿನಿಯಂ ತಂತಿ ಸಾಕು. ಬೊನ್ಸಾಯ್ ಗಿಡಗಳಿಗೆ ಸುತ್ತುವ ತಂತಿ, ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸುರುಳಿಯಾಗಿ ಸಿಗುವ ತಂತಿ, ಎರಡೂ ಆಗುತ್ತವೆ. ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಬೇಡ. ಬಾಗಿಸಿ ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಆ ಚಿಮ್ಮುವಿಕೆ ತೆರೆಯ ಮೇಲೆ ನಡುಕವಾಗಿ ಕಾಣುತ್ತದೆ. ತಾಮ್ರ ಮೊದಲು ಮೆತ್ತಗಿದ್ದು, ಬಾಗಿಸುತ್ತಾ ಹೋದಂತೆ ಗಡುಸಾಗುತ್ತದೆ.

ಕಾಲು ಮತ್ತು ಬೆನ್ನಿಗೆ 2 ಮಿಲಿಮೀಟರ್ ತಂತಿ, ತೋಳಿಗೆ 1.5, ಬೆರಳಿಗೆ 1. ಒಂಟಿ ಎಳೆ ಬೇಗ ಮುರಿಯುತ್ತದೆ, ಅದಕ್ಕೇ ಎರಡೆರಡು ಎಳೆ ಸೇರಿಸಿ ಹುರಿ ಮಾಡಬೇಕು. ಒಂದು ಮೀಟರ್ ತಂತಿಯನ್ನು ಮಧ್ಯಕ್ಕೆ ಮಡಚಿ, ಮಡಿಕೆಯನ್ನು ಕಿಟಕಿಯ ಸರಳಿಗೆ ಹಾಕಿದ ಕೊಕ್ಕೆಗೆ ಸಿಕ್ಕಿಸಿ, ಎರಡು ತುದಿಗಳನ್ನೂ ಡ್ರಿಲ್ ಯಂತ್ರದ ಬಾಯಿಗೆ ಕೊಟ್ಟು ತೀರಾ ನಿಧಾನವಾಗಿ ತಿರುಗಿಸಿ. ಸುಮಾರು ಸೆಂಟಿಮೀಟರಿಗೊಂದು ಸುತ್ತು ಬಿದ್ದರೆ ಸಾಕು. ಹೆಚ್ಚು ಬಿಗಿದರೆ ಗೊಂಬೆ ಹುಟ್ಟುವ ಮೊದಲೇ ತಂತಿಯ ಆಯುಸ್ಸು ಅರ್ಧ ಮುಗಿದಿರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೊಕ್ಕೆ ತಪ್ಪಿದ ತಂತಿ ಮುಖಕ್ಕೇ ಬರುತ್ತದೆ.

ಹುರಿಯಿಂದ ಆರು ತುಂಡು ಮಾಡಿ: ಎರಡು ಕಾಲು, ಒಂದು ಬೆನ್ನು, ಎರಡು ತೋಳು, ಒಂದು ಕುತ್ತಿಗೆ. ಇವನ್ನು ಸೊಂಟದಲ್ಲೂ ಎದೆಯಲ್ಲೂ ಎಂ-ಸೀಲ್ ಗಟ್ಟಿಯಿಂದ ಒಂದುಗೂಡಿಸಬೇಕು. ನೇರವಾಗಿ ಅಂಟಿಸಿಬಿಡಬೇಡಿ. ಅಲ್ಯೂಮಿನಿಯಂ ತಂತಿ ಎಂದಾದರೂ ಮುರಿದೇ ಮುರಿಯುತ್ತದೆ, ಅದೂ ಚಿತ್ರೀಕರಣದ ನಡುವೆ. ಆಗ ತೋಳನ್ನಷ್ಟೇ ಬಿಚ್ಚಿ ಹೊಸದು ಹಾಕುವಂತಿರಬೇಕು. ಇದಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಕನೆಕ್ಟರ್ ಪಟ್ಟಿ ಹೇಳಿ ಮಾಡಿಸಿದಂತಿದೆ. ಪ್ಲಾಸ್ಟಿಕ್ ಕಿತ್ತರೆ ಒಳಗೆ ಎರಡು ತಿರುಪುಗಳಿರುವ ಪುಟ್ಟ ಹಿತ್ತಾಳೆ ಕೊಳವೆ ಸಿಗುತ್ತದೆ. ನಿಮ್ಮ ಹುರಿಯ ತುಂಡನ್ನು ಅಂಗಡಿಗೆ ಒಯ್ದು, ಅದು ಸಲೀಸಾಗಿ ತೂರುವ ಅಳತೆಯದನ್ನು ಆರಿಸಿಕೊಳ್ಳಿ. ಎದೆಯ ಗಟ್ಟಿಯಲ್ಲಿ ಮೂರು ಕೊಳವೆ (ಎರಡು ಭುಜ, ಒಂದು ಕುತ್ತಿಗೆ), ಸೊಂಟದ ಗಟ್ಟಿಯಲ್ಲಿ ಎರಡು. ತಿರುಪಿನ ತಲೆಗಳು ಬೆನ್ನಿನ ಕಡೆಗೆ, ಎಂ-ಸೀಲ್‌ನಿಂದ ಹೊರಗೆ ಇರಲಿ. ಕುತ್ತಿಗೆಯೂ ಹೀಗೆಯೇ ಇದ್ದರೆ ತಲೆಯನ್ನು ಬಿಚ್ಚಿಟ್ಟು ಮುಖದ ಕೆಲಸ ಮಾಡಬಹುದು.

ಎಂ-ಸೀಲ್‌ನ ಎರಡು ಭಾಗಗಳನ್ನು ಬಣ್ಣ ಒಂದೇ ಆಗುವ ತನಕ ನಾದಬೇಕು. ಕೈಗೆ ಗ್ಲೌಸ್ ಇರಲಿ. ಗಟ್ಟಿ ಮಾಡುವ ಜಾಗದಲ್ಲಿ ಮೊದಲು ತಂತಿಗೆ ದಾರ ಸುತ್ತಿ, ಆಮೇಲೆ ಮೆತ್ತಿ. ಬರೀ ನಯವಾದ ಅಲ್ಯೂಮಿನಿಯಂ ಮೇಲೆ ಅದು ಕಚ್ಚಿಕೊಳ್ಳದೆ ಒಳಗೊಳಗೇ ತಿರುಗುತ್ತದೆ. ತೊಡೆ, ಕಣಕಾಲು, ತೋಳು, ಮುಂಗೈಗಳಿಗೂ ತೆಳ್ಳಗೆ ಮೆತ್ತಿದರೆ ಅವು ಮೂಳೆಗಳಾಗುತ್ತವೆ, ಉಳಿದ ಜಾಗ ಕೀಲಾಗುತ್ತದೆ. ಮೊಣಕಾಲು, ಮೊಣಕೈಗಳಲ್ಲಿ 8ರಿಂದ 10 ಮಿಲಿಮೀಟರ್ ತಂತಿ ಬಯಲಾಗಿರಲಿ. ಇದಕ್ಕಿಂತ ಕಡಿಮೆ ಬಿಟ್ಟರೆ ಬಾಗೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು ಅಲ್ಲೇ ಮುರಿಯುತ್ತದೆ. ಹೆಚ್ಚು ಬಿಟ್ಟರೆ ಕಾಲು ರಬ್ಬರಿನ ಕೊಳವೆಯಾಗುತ್ತದೆ. ಬೆನ್ನಿಗೆ ಮೂಳೆ ಬೇಡ; ಎದೆಯಿಂದ ಸೊಂಟದವರೆಗೆ ಬರೀ ಹುರಿ ಇರಲಿ. ತಾತ ಬಾಗುವುದು ಅಲ್ಲೇ. ಒಂದು ರಾತ್ರಿ ಒಣಗಲು ಬಿಡಿ. ಒಣಗಿದ ಮೇಲೆ ಎಲ್ಲರಿಗೂ ಬಾಗಿಸಿ ತೋರಿಸುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಪ್ರತಿ ಬಾಗೂ ತಂತಿಯ ಲೆಕ್ಕದಲ್ಲಿ ಜಮೆಯಾಗುತ್ತದೆ.

ಪಾದಕ್ಕೆ ನಟ್ಟು, ಹಲಗೆಗೆ ತೂತು

ಇಡೀ ಗೊಂಬೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಪಾದ. ನಡೆಯುವಾಗ ಹಿಮ್ಮಡಿ ಮೊದಲು ಏಳುತ್ತದೆ, ಮುಂಗಾಲು ನೆಲದಲ್ಲೇ ಇರುತ್ತದೆ. ಆದ್ದರಿಂದ ಪಾದವನ್ನು ಒಂದೇ ಗಟ್ಟಿಯಾಗಿ ಮಾಡದೆ, ಹಿಮ್ಮಡಿಗೊಂದು, ಮುಂಗಾಲಿಗೊಂದು ಗಟ್ಟಿ ಮಾಡಿ, ನಡುವೆ 6 ಮಿಲಿಮೀಟರ್ ತಂತಿ ಬಿಡಿ. ಮುಂಗಾಲಿನ ಗಟ್ಟಿಯ ಅಡಿಯಲ್ಲಿ 3 ಎಂಎಂ ನಟ್ಟನ್ನು ಹುದುಗಿಸಿ. ಹುದುಗಿಸುವಾಗ ನಟ್ಟಿನೊಳಗೆ ವ್ಯಾಸಲೀನ್ ಹಚ್ಚಿದ ಬೋಲ್ಟ್ ಹಾಕಿಟ್ಟಿದ್ದರೆ ಎಂ-ಸೀಲ್ ನಟ್ಟಿನ ತಿರುಪಿನ ಗೆರೆಗಳೊಳಗೆ ನುಗ್ಗುವುದಿಲ್ಲ. ಒಣಗಿದ ಮೇಲೆ ಬೋಲ್ಟ್ ಬಿಚ್ಚಿ ತೆಗೆಯಿರಿ. ನಟ್ಟಿನ ಮುಖ ಪಾದದ ಅಡಿಗೆ ಸಮವಾಗಿರಲಿ, ಓರೆಯಾದರೆ ತಾತ ಹುಟ್ಟಿನಿಂದಲೇ ವಾಲುತ್ತಾನೆ.

ಇನ್ನು ರಂಗಸ್ಥಳ. 9 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯನ್ನು ಎರಡೂ ಕಡೆ ಇಟ್ಟಿಗೆ ಪೇರಿಸಿ, ಕೈ ಮತ್ತು ಸ್ಕ್ರೂಡ್ರೈವರ್ ಅಡಿಯಿಂದ ತೂರುವಷ್ಟು ಎತ್ತರದಲ್ಲಿ ಕೂರಿಸಿ. ತಾತ ಕಾಲಿಡುವ ಪ್ರತಿ ಜಾಗದಲ್ಲಿ 3.5 ಮಿಲಿಮೀಟರ್ ತೂತು ಕೊರೆದು, ಅಡಿಯಿಂದ ವಾಷರ್ ಹಾಕಿದ ಬೋಲ್ಟನ್ನು ಪಾದದ ನಟ್ಟಿಗೆ ತಿರುಗಿಸಿದರೆ ಗೊಂಬೆ ಒಂಟಿ ಕಾಲಲ್ಲಿ ಕೂಡ ನಿಲ್ಲುತ್ತದೆ. ಬೋಲ್ಟ್ ಹಲಗೆಯ ಮೇಲೆ 4ರಿಂದ 5 ಮಿಲಿಮೀಟರ್ ಮಾತ್ರ ಚಾಚಬೇಕು, ಉದ್ದವಾದರೆ ಗಟ್ಟಿಯನ್ನೇ ಒಡೆಯುತ್ತದೆ. ಕಾಲು ದಾಟಿಹೋದ ತೂತನ್ನು ನೆಲದ ಬಣ್ಣದ ಪ್ಲಾಸ್ಟಿಸಿನ್ ಎಂಬ ಒಣಗದ ಮಣ್ಣಿನಿಂದ ಮುಚ್ಚಿ. ಕೆಲವರು ಪಾದಕ್ಕೆ ವಾಷರ್ ಹುದುಗಿಸಿ, ತಗಡಿನ ನೆಲದ ಅಡಿಯಿಂದ ನಿಯೋಡಿಮಿಯಂ ಅಯಸ್ಕಾಂತ ಹಿಡಿಸುತ್ತಾರೆ. ಕೆಲಸ ಬೇಗ ಸಾಗುತ್ತದೆ, ಹಗುರ ಗೊಂಬೆಗೆ ಪರವಾಗಿಲ್ಲ. ಆದರೆ ಒಂಟಿ ಕಾಲಿನ ಭಂಗಿಯಲ್ಲಿ ಅಯಸ್ಕಾಂತ ಸದ್ದಿಲ್ಲದೆ ಜಾರುತ್ತದೆ, ನಿಮಗದು ಹತ್ತು ಫೋಟೊ ಆದ ಮೇಲೆ ಗೊತ್ತಾಗುತ್ತದೆ. ನನ್ನ ಆಯ್ಕೆ ಯಾವಾಗಲೂ ಬೋಲ್ಟ್.

ಅಸ್ಥಿಪಂಜರವನ್ನು ಬರಿಮೈಯಲ್ಲೇ ಹಲಗೆಗೆ ಬಿಗಿದು, ಒಂದು ಕಾಲೆತ್ತಿಸಿ, ಮೈಯನ್ನು ಮುಂದಕ್ಕೆ ಬಾಗಿಸಿ ಒಂದು ಗಂಟೆ ಬಿಡಿ. ವಾಲಿದರೆ ಹರಡಿನ ತಂತಿಗೆ ಇನ್ನೊಂದು ಎಳೆ ಸೇರಿಸಬೇಕು. ಬಟ್ಟೆ ಹಾಕಿದ ಮೇಲೆ ಇದನ್ನು ಸರಿಮಾಡಲು ಹೋದರೆ ಅರ್ಧ ಗೊಂಬೆಯನ್ನೇ ಬಿಚ್ಚಬೇಕಾಗುತ್ತದೆ.

ಮೈ, ಕೈ, ತಲೆ

ಮೈಗೆ ಸೋಫಾ ಕುಶನ್ ಹೊಲಿಯುವವರ ಬಳಿ ಉಳಿಯುವ ಸ್ಪಂಜಿನ ತುಂಡುಗಳು ಸಾಕು. ಎದೆ, ಹೊಟ್ಟೆ, ತೊಡೆಗೆ ಕತ್ತರಿಯಿಂದ ಆಕಾರ ಕೊಟ್ಟು, ಮಧ್ಯಕ್ಕೆ ಸೀಳಿ, ತಂತಿಯ ಸುತ್ತ ಮುಚ್ಚಿ ರಬ್ಬರ್ ಅಂಟಿನಿಂದ ಕೂಡಿಸಿ. ಕೀಲಿನ ಮೇಲೆ ಸ್ಪಂಜು ತೆಳ್ಳಗಿರಲಿ, ಅಂಟು ತಾಗದಿರಲಿ. ಸ್ಪಂಜಿಗೆ ತಾನು ಮೊದಲಿದ್ದ ಆಕಾರಕ್ಕೆ ಮರಳುವ ಚಟ. ದಪ್ಪವಿದ್ದರೆ ಬಾಗಿಸಿದ ಮೊಣಕೈಯನ್ನು ನಿಧಾನವಾಗಿ ಬಿಡಿಸಿಬಿಡುತ್ತದೆ. ತೋಳು ಮತ್ತು ಕಣಕಾಲಿಗೆ ಸ್ಪಂಜಿಗಿಂತ ತೆಳು ಉಣ್ಣೆ ದಾರವನ್ನು ಒತ್ತಾಗಿ ಸುತ್ತುವುದೇ ಒಳ್ಳೆಯದು.

ಕೈಗೆ ಮೂರು ಬೆರಳು ಮತ್ತು ಹೆಬ್ಬೆರಳು ಸಾಕು. 1 ಮಿಲಿಮೀಟರ್ ತಂತಿಯನ್ನು ಮಡಚಿ ಬೆರಳು ಮಾಡಿ, ಅಂಗೈಯಲ್ಲಿ ಎಂ-ಸೀಲ್ ಹಚ್ಚಿ, ಗಾಯಕ್ಕೆ ಹಾಕುವ ತೆಳು ಪೇಪರ್ ಟೇಪನ್ನು ಕಿರಿದಾಗಿ ಸೀಳಿ ಬೆರಳಿಗೆ ಸುತ್ತಿ. ಮೇಲೆ ಅಕ್ರಿಲಿಕ್ ಬಣ್ಣ. ಇನ್ನೂ ಚೆನ್ನಾಗಿ ಬರಬೇಕಾದರೆ ದ್ರವ ಲೇಟೆಕ್ಸಿನ (ದ್ರವರೂಪದ ರಬ್ಬರಿನ) ಆರೇಳು ತೆಳು ಪದರ ಬಳಿಯಿರಿ. ಒಂದು ಒಣಗಿದ ಮೇಲೆ ಇನ್ನೊಂದು, ಕೊನೆಗೆ ಟಾಲ್ಕಂ ಪೌಡರ್ ಸವರಿದರೆ ಬೆರಳುಗಳು ಒಂದಕ್ಕೊಂದು ಅಂಟುವುದಿಲ್ಲ. ರಬ್ಬರ್ ತೋಟದ ಹಾಲು ಇದಕ್ಕಾಗದು, ಒಣಗಿದರೂ ಅಂಟಂಟಾಗಿ, ದುರ್ಬಲವಾಗಿ ಉಳಿಯುತ್ತದೆ. ಪ್ರಿವಲ್ಕನೈಸ್ಡ್ ಎಂದು ಬರೆದಿರುವ ಲೇಟೆಕ್ಸನ್ನೇ ಕೇಳಿ. ಅದರಲ್ಲಿ ಅಮೋನಿಯ ಇರುವುದರಿಂದ ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಲೇಟೆಕ್ಸ್ ಅಲರ್ಜಿ ಇರುವವರು ಹತ್ತಿರವೂ ಹೋಗಬಾರದು.

ತಲೆ ಹಗುರವಾಗಿರಲೇಬೇಕು. ಭಾರದ ತಲೆ ಕುತ್ತಿಗೆಯನ್ನು ಬಾಗಿಸುತ್ತದೆ, ಆ ಬಾಗು ಫೋಟೊದಿಂದ ಫೋಟೊಕ್ಕೆ ಬೆಳೆಯುತ್ತದೆ. 4 ಸೆಂಟಿಮೀಟರಿನ ಥರ್ಮಾಕೋಲ್ ಉಂಡೆ ತೆಗೆದುಕೊಂಡು, ಕುತ್ತಿಗೆಯ ತಂತಿ ತೂರಿಸಿ ಫೆವಿಕಾಲ್ ಹಾಕಿ. ರಬ್ಬರ್ ಅಂಟು ಥರ್ಮಾಕೋಲನ್ನು ಕರಗಿಸುತ್ತದೆ, ಎಚ್ಚರ. ಮೇಲೆ ಗಾಳಿಗೆ ಒಣಗುವ ಮಣ್ಣನ್ನೋ, ಅರೆದ ಕಾಗದದ ಮುದ್ದೆಯನ್ನೋ ತೆಳ್ಳಗೆ ಮೆತ್ತಿ ಮೂಗು, ಕೆನ್ನೆ, ಕಿವಿ ತಿದ್ದಿ. ಒಲೆಯಲ್ಲಿ ಬೇಯಿಸುವ ಪಾಲಿಮರ್ ಮಣ್ಣು ಇಲ್ಲಿ ಬೇಡ, ಆ ಬಿಸಿಗೆ ಒಳಗಿನ ಥರ್ಮಾಕೋಲ್ ಕುಗ್ಗಿಹೋಗುತ್ತದೆ.

ಕಣ್ಣಿಗೆ 8 ಮಿಲಿಮೀಟರಿನ ಬಿಳಿ ಮಣಿ. ಮಣಿಯ ತೂತೇ ಕಣ್ಣಿನ ಪಾಪೆ. ಅದರ ಸುತ್ತ ಕಪ್ಪು ಬಣ್ಣ ಹಚ್ಚಿದರೆ ಆಯಿತು. ಗುಳಿಗೆ ಸ್ವಲ್ಪ ವ್ಯಾಸಲೀನ್ ಸವರಿ ಮಣಿ ಕೂರಿಸಿದರೆ, ಗುಂಡುಸೂಜಿಯನ್ನು ತೂತಿಗೆ ಇಟ್ಟು ನೋಟವನ್ನು ಎತ್ತ ಬೇಕಾದರೂ ತಿರುಗಿಸಬಹುದು. ರೆಪ್ಪೆಗಳನ್ನು ಚರ್ಮದ ಬಣ್ಣದ ಪ್ಲಾಸ್ಟಿಸಿನ್‌ನಲ್ಲಿ ಅರ್ಧ ಮುಚ್ಚಿದ ಒಂದು ಜೊತೆ, ಪೂರ್ತಿ ಮುಚ್ಚಿದ ಒಂದು ಜೊತೆ ಮಾಡಿಡಿ. ಹುಬ್ಬು ಬಿಳಿ ಉಣ್ಣೆಯ ತುಣುಕು, ಬ್ಲೂಟ್ಯಾಕ್ (ಅಂಟಿಸಿ ಮತ್ತೆ ಕೀಳಬಹುದಾದ ಅಂಟುಮುದ್ದೆ) ಮೇಲೆ ನಿಂತರೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ.

ಮುಖದಲ್ಲಿ ಚಲಿಸುವ ಭಾಗಗಳು ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಜೆಕ್ ಕಲಾವಿದ ಇಜಿ ತ್ರ್ನಕನ ಗೊಂಬೆಗಳ ಮುಖ ಹೆಚ್ಚುಕಡಿಮೆ ಬದಲಾಗುತ್ತಲೇ ಇರಲಿಲ್ಲ. ತಲೆಯ ಓರೆ, ಬೆಳಕು ಬೀಳುವ ಕೋನ ಇಷ್ಟರಲ್ಲೇ ದುಃಖ, ನಾಚಿಕೆ ಎಲ್ಲವೂ ಕಾಣುತ್ತಿದ್ದವು. ನಮ್ಮ ಸೂತ್ರದ ಗೊಂಬೆಗಳ ಮುಖವೂ ಕೆತ್ತಿದ ಹಾಗೆಯೇ ಇದ್ದು, ರಸವೆಲ್ಲ ನಡೆಯಲ್ಲಿ, ಕತ್ತಿನ ಕೊಂಕಿನಲ್ಲಿ ಬರುತ್ತದೆ. ಮೊದಲ ಗೊಂಬೆಗೆ ಕಣ್ಣು, ರೆಪ್ಪೆ, ಹುಬ್ಬು, ಮುಂದೆ ಹೇಳುವ ಕಾಗದದ ಬಾಯಿ ಇಷ್ಟು ಸಾಕು.

ಬಟ್ಟೆಗೆ ಹಳೆಯ ಪಂಚೆಯನ್ನೋ ಕರವಸ್ತ್ರವನ್ನೋ ಕತ್ತರಿಸಿ. ತೊಳೆದು ತೊಳೆದು ಸವೆದ ಹತ್ತಿ ಬಟ್ಟೆ ಈ ಅಳತೆಗೆ ಸರಿಯಾಗಿ ಬೀಳುತ್ತದೆ, ಹೊಸ ಬಟ್ಟೆ ರಟ್ಟಿನಂತೆ ನಿಲ್ಲುತ್ತದೆ. ಅಂಚಿಗೆ ನೀರು ಬೆರೆಸಿದ ಫೆವಿಕಾಲ್ ಸವರಿದರೆ ಎಳೆ ಬಿಡುವುದಿಲ್ಲ. ಇಲ್ಲಿ ಇರುವ ದೊಡ್ಡ ತೊಂದರೆ ಬೇರೆ: ಪ್ರತಿ ಸಲ ಗೊಂಬೆಯನ್ನು ಮುಟ್ಟಿದಾಗಲೂ ಬಟ್ಟೆಯ ಸುಕ್ಕು ಬದಲಾಗಿ, ತೆರೆಯ ಮೇಲೆ ಬಟ್ಟೆ ಕುದಿಯುವಂತೆ ಕಾಣುತ್ತದೆ. 1933ರ ಕಿಂಗ್ ಕಾಂಗ್ ಚಿತ್ರದಲ್ಲಿ ಗೊರಿಲ್ಲಾದ ತುಪ್ಪಳ ಸುಮ್ಮಸುಮ್ಮನೆ ಅಲೆಯಾಡುವುದನ್ನು ನೋಡಬಹುದು. ಅದು ಗೊಂಬೆ ಸರಿಸಿದವರ ಬೆರಳಿನ ಗುರುತು. ಉಪಾಯವೆಂದರೆ ಅಂಗಿಯನ್ನು ಒಳಗಿನ ಸ್ಪಂಜಿಗೆ ಅಲ್ಲಲ್ಲಿ ಅಂಟಿಸಿಬಿಡುವುದು, ಪಂಚೆಯ ಅಂಚಿನ ಮಡಿಕೆಯೊಳಗೆ ತೆಳು ತಂತಿ ಹೊಲಿಯುವುದು, ಮತ್ತು ಗೊಂಬೆಯನ್ನು ಯಾವಾಗಲೂ ಒಂದೇ ಜಾಗದಲ್ಲಿ ಹಿಡಿಯುವುದು. ತಂತಿ ಇರುವ ಅಂಚನ್ನು ನಡಿಗೆಗೆ ತಕ್ಕಂತೆ ಬೀಸಿಸಲೂಬಹುದು. ಹೆಗಲ ಮೇಲಿನ ಟವೆಲ್ಲಿಗೂ ಇದೇ ಕ್ರಮ.

ಕ್ಯಾಮೆರಾ ಮತ್ತು ಬೆಳಕು

ಫೋನ್ ಸಾಕು. ಸ್ಟಾಪ್ ಮೋಷನ್ ಸ್ಟುಡಿಯೊ ಎಂಬ ಆಪ್‌ನಲ್ಲಿ ಹಿಂದಿನ ಫ್ರೇಮನ್ನು, ಅಂದರೆ ಹಿಂದೆ ತೆಗೆದ ಫೋಟೊವನ್ನು, ಮಸುಕಾಗಿ ಮೇಲೆ ತೋರಿಸುವ ಸೌಲಭ್ಯವಿದೆ, ಎಷ್ಟು ಸರಿಸಿದ್ದೀರಿ ಎಂದು ಅದರಲ್ಲೇ ಗೊತ್ತಾಗುತ್ತದೆ. ಡಿಎಸ್‌ಎಲ್‌ಆರ್ ಇದ್ದು, ಈ ಹವ್ಯಾಸ ಅಂಟಿಕೊಂಡಿತೆಂದರೆ ಮುಂದೆ ಸ್ಟುಡಿಯೊಗಳು ಬಳಸುವ ಡ್ರ್ಯಾಗನ್‌ಫ್ರೇಮ್ ತಂತ್ರಾಂಶ ಕೊಳ್ಳಬಹುದು. ಯಾವುದೇ ಇರಲಿ, ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಕ್ಯಾಮೆರಾ ತಾನೇ ನಿರ್ಧಾರ ತೆಗೆದುಕೊಳ್ಳತೊಡಗಿದರೆ ಪ್ರತಿ ಫ್ರೇಮಿಗೂ ಬಣ್ಣ ಬದಲಾಗುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮೊದಲೇ ಚಾರ್ಜರಿಗೆ ಸಿಕ್ಕಿಸಿ. ಫೋಟೊಕ್ಕೆ ತೆರೆಯನ್ನು ಮುಟ್ಟಬೇಡಿ, ಬ್ಲೂಟೂತ್ ರಿಮೋಟೋ ಇಯರ್‌ಫೋನಿನ ಗುಂಡಿಯೋ ಒತ್ತಿ. ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪ್ ಹಾಕಿ ಬಿಗಿಯಿರಿ. ನೆಲಮಹಡಿಯ ಸಿಮೆಂಟು ನೆಲ ಮರದ ಅಟ್ಟಕ್ಕಿಂತ ಎಷ್ಟೋ ಮೇಲು.

ಕಿಟಕಿಯ ಬೆಳಕಲ್ಲಿ ಕೆಲಸ ಮಾಡಬೇಡಿ. ಮೋಡ ಒಂದು ದಾಟಿದರೆ ಇಡೀ ದೃಶ್ಯ ಮಿಣುಕುತ್ತದೆ. ದಪ್ಪ ಪರದೆ ಎಳೆದು, ಫ್ಯಾನ್ ಆರಿಸಿ, ಎರಡು ಎಲ್‌ಇಡಿ ದೀಪ ಹಚ್ಚಿ. ಒಂದು ಪಕ್ಕದಿಂದ ಮುಖ್ಯ ಬೆಳಕು, ಇನ್ನೊಂದು ಹಿಂದಿನಿಂದ ಮಂದವಾಗಿ, ಭುಜದ ಅಂಚು ಕಾಣುವಷ್ಟು. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ವೇಗದ ಶಟರ್ ಅದನ್ನು ಹಿಡಿಯುತ್ತದೆ. ಗೊಂಬೆ ಅಲುಗುವುದಿಲ್ಲವಾದ್ದರಿಂದ ಶಟರನ್ನು 1/10 ಸೆಕೆಂಡಿಗೋ ಇನ್ನೂ ನಿಧಾನಕ್ಕೋ ಇಡಬಹುದು, ಆಗ ಮಿನುಗು ಸರಾಸರಿಯಾಗಿ ಅಳಿಸಿಹೋಗುತ್ತದೆ. ಪವರ್ ಬ್ಯಾಂಕಿನಿಂದ ಉರಿಯುವ ಯುಎಸ್‌ಬಿ ದೀಪವಾದರೆ ಕರೆಂಟ್ ಹೋಗುವ ಚಿಂತೆಯೂ ಇಲ್ಲ, ಸಂಜೆಯ ವೋಲ್ಟೇಜ್ ಏರಿಳಿತವೂ ತಾಗುವುದಿಲ್ಲ. ಗಾಢ ಬಣ್ಣದ ಅಂಗಿ ತೊಟ್ಟು, ಪ್ರತಿ ಫೋಟೊ ತೆಗೆಯುವಾಗಲೂ ಒಂದೇ ಜಾಗದಲ್ಲಿ ನಿಲ್ಲಿ. ಬಿಳಿ ಬನಿಯನ್ನಿನ ಮೇಲೆ ಬಿದ್ದ ಬೆಳಕು ತಾತನ ಕೆನ್ನೆಯ ಮೇಲೆ ಬೀಳುತ್ತದೆ.

ಶುರುಮಾಡುವ ಮೊದಲು ಗೊಂಬೆಯಿಲ್ಲದ ಖಾಲಿ ರಂಗದ ಒಂದು ಫೋಟೊ ತೆಗೆದಿಡಿ. ಇದರ ಉಪಯೋಗ ಕೊನೆಯಲ್ಲಿ ತಿಳಿಯುತ್ತದೆ.

ಜೀವ ಕೊಡುವುದು

ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಗೊಂಬೆಯ ಚಿತ್ರಗಳಲ್ಲಿ ಒಂದೊಂದು ಭಂಗಿಯನ್ನು ಎರಡು ಫ್ರೇಮ್ ನಿಲ್ಲಿಸುವುದು ಹಳೆಯ ರೂಢಿ, ಅಂದರೆ ಸೆಕೆಂಡಿಗೆ 12 ಭಂಗಿ. ನೀವು ಆಪ್‌ನಲ್ಲಿ 12 ಎಂದು ಇಟ್ಟುಕೊಂಡರೆ ಅದೇ ಫಲ. ಹತ್ತು ಸೆಕೆಂಡಿಗೆ 120 ಭಂಗಿ, ಒಂದು ಭಾನುವಾರದ ಕೆಲಸ.

ಮೊದಲು ನೀವೇ ನಟಿಸಿ. ತಾತನಂತೆ ನಾಲ್ಕು ಹೆಜ್ಜೆ ನಡೆದು ಲೋಟ ಎತ್ತಿ, ಅದನ್ನು ಫೋನಿನಲ್ಲಿ ಹಿಡಿದು, ಯಾವ ಕ್ರಿಯೆಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಹೊಸಬರ ಗೊಂಬೆಗಳು ಓಡುವುದಕ್ಕೆ ಮುಖ್ಯ ಕಾರಣ ಈ ಅಳತೆ ಇಲ್ಲದಿರುವುದು.

ಇನ್ನೊಂದು ಕಾರಣ ಎಲ್ಲ ಭಂಗಿಗಳಲ್ಲೂ ಒಂದೇ ದೂರ ಸರಿಸುವುದು. ದೇಹ ನಿಧಾನವಾಗಿ ಹೊರಟು, ನಡುವೆ ವೇಗ ಪಡೆದು, ನಿಧಾನವಾಗಿ ನಿಲ್ಲುತ್ತದೆ. ತಾತನ ಕೈ ಲೋಟದವರೆಗೆ 6 ಸೆಂಟಿಮೀಟರ್ ಹೋಗಬೇಕು, ಎಂಟು ಭಂಗಿಗಳಲ್ಲಿ ಎಂದುಕೊಳ್ಳಿ. ಮಿಲಿಮೀಟರ್‌ಗಳಲ್ಲಿ 2, 5, 9, 14, 14, 9, 5, 2 ಎಂದು ಹಂಚಿದರೆ ಒಟ್ಟು 60 ಆಗುತ್ತದೆ, ಕೈಗೆ ತೂಕ ಬರುತ್ತದೆ. ಕೈ ಹೊರಡುವುದಕ್ಕಿಂತ ಎರಡು ಮೂರು ಭಂಗಿ ಮೊದಲೇ ಕಣ್ಣು ಲೋಟದ ಕಡೆ ತಿರುಗಲಿ. ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ಭುಜ, ಕೊನೆಗೆ ಕೈ. ಈ ಅನುಕ್ರಮ ಒಂದರಿಂದಲೇ ಗೊಂಬೆ ಯೋಚಿಸುತ್ತಿದೆ ಎಂದು ನೋಡುವವರಿಗೆ ಅನ್ನಿಸುತ್ತದೆ.

ಎಷ್ಟು ಸರಿಯಿತು ಎಂದು ಅಳೆಯಲು ಒಂದು ಸೂಚಕ ಮಾಡಿಕೊಳ್ಳಿ: ಭಾರವಾದ ಪೀಠದಿಂದ ಎದ್ದ ಗಟ್ಟಿ ತಂತಿ, ತುದಿ ಚೂಪು. ಅದರ ತುದಿಯನ್ನು ತಾತನ ಮೂಗಿಗೆ ತಾಗುವಂತಿಟ್ಟು, ಗೊಂಬೆಯನ್ನು ಸರಿಸಿ, ನಡುವಿನ ಸಂದು ನೋಡಿ. ಫೋಟೊ ತೆಗೆಯುವ ಮುನ್ನ ಸೂಚಕವನ್ನು ಆಚೆ ಇಡಿ.

ಈಗ ನಡಿಗೆ. ತಾತನ ಹೆಜ್ಜೆಗೆ ಎಂಟು ಭಂಗಿ, ಹೆಜ್ಜೆಯ ದೂರ 56 ಮಿಲಿಮೀಟರ್ ಇಟ್ಟುಕೊಳ್ಳಿ. ಸೊಂಟ ಪ್ರತಿ ಭಂಗಿಗೆ 7 ಮಿಲಿಮೀಟರ್ ಮುಂದೆ ಸಾಗುತ್ತದೆ. ಮೊದಲ ಭಂಗಿಯಲ್ಲಿ ಮುಂದಿನ ಹಿಮ್ಮಡಿ ನೆಲ ಮುಟ್ಟಿದೆ, ಹಿಂದಿನ ಕಾಲಿನ ಮುಂಗಾಲು ಮಾತ್ರ ನೆಲದಲ್ಲಿದೆ. ಎರಡು ಮೂರರಲ್ಲಿ ಭಾರ ಮುಂದಿನ ಕಾಲಿಗೆ ಬಂದು ಮೊಣಕಾಲು ಮಡಚುತ್ತದೆ, ಮೈ ತಗ್ಗುತ್ತದೆ. ಈಗ ಮುಂದಿನ ಪಾದಕ್ಕೆ ಬೋಲ್ಟ್ ಬಿಗಿದು, ಅದಾದ ಮೇಲೆಯೇ ಹಿಂದಿನದನ್ನು ಬಿಚ್ಚಬೇಕು. ನಾಲ್ಕು ಐದರಲ್ಲಿ ಹಿಂದಿನ ಕಾಲು ನಿಂತ ಕಾಲಿನ ಪಕ್ಕಕ್ಕೆ ಬರುತ್ತದೆ, ಮೈ ಅತಿ ಎತ್ತರದಲ್ಲಿದೆ, ಸೊಂಟ ನಿಂತ ಕಾಲಿನ ಮೇಲಕ್ಕೆ ಪಕ್ಕಕ್ಕೆ ವಾಲಿದೆ. ಈ ವಾಲು ಮರೆತರೆ ಗೊಂಬೆ ಜಾರುವಂತೆ ಕಾಣುತ್ತದೆ. ಆರು ಏಳರಲ್ಲಿ ಕಾಲು ಮುಂದೆ ಚಾಚಿ ಮೈ ಮುಂದಕ್ಕೆ ಬೀಳತೊಡಗುತ್ತದೆ, ಎಂಟರಲ್ಲಿ ಹಿಮ್ಮಡಿ ನೆಲದ ಹತ್ತಿರ. ಕೈಗಳು ಕಾಲಿಗೆ ಎದುರಾಗಿ ಬೀಸಲಿ, ತಾತನಿಗೆ ಕಡಿಮೆ. ಕೈ ಬೀಸು ಕಾಲಿಗಿಂತ ಒಂದು ಭಂಗಿ ತಡವಾದರೆ ಇನ್ನೂ ಸಹಜ.

ಎಲ್ಲಾದರೂ ಗೊಂಬೆ ನಿಲ್ಲಲಾರದೆ ಹೋದರೆ ಹಿಂದಿನಿಂದ ಗಟ್ಟಿ ತಂತಿಯ ಆಸರೆ ಕೊಡಿ. ಆಮೇಲೆ ಖಾಲಿ ರಂಗದ ಫೋಟೊವನ್ನು ಅಡಿಯಲ್ಲಿಟ್ಟು, ಜಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಆಸರೆ ಇರುವ ಭಾಗವನ್ನು ಅಳಿಸಿದರೆ ಹಿನ್ನೆಲೆ ತಾನೇ ಕಾಣುತ್ತದೆ. ಆಸರೆಯ ನೆರಳನ್ನೂ ಅಳಿಸಲು ಮರೆಯಬೇಡಿ.

ತಾತ ನಿಂತ ಮೇಲೆ ಎರಡು ಸೆಕೆಂಡು ಏನೂ ಮಾಡದಿದ್ದರೆ ಅದು ಫೋಟೊ ಆಗಿಬಿಡುತ್ತದೆ. ಒಂದು ಸಲ ಕಣ್ಣು ಮಿಟುಕಿಸಿ: ಅರ್ಧ ರೆಪ್ಪೆ ಒಂದು ಭಂಗಿ, ಪೂರ್ತಿ ಒಂದು, ಮತ್ತೆ ಅರ್ಧ ಒಂದು. ಎದೆಯನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ. ಇಷ್ಟೇ ಸಾಕು, ತಾತ ಉಸಿರಾಡುತ್ತಾನೆ.

ಕನ್ನಡ ಮಾತಿಗೆ ಬಾಯಿ

ಗೊಂಬೆಗೆ ಮಾತು ಹಾಕುವಾಗ ಸಿದ್ಧವಾಗಿ ಸಿಗುವ ಬಾಯಿಯ ಪಟ್ಟಿಗಳೆಲ್ಲ ಇಂಗ್ಲಿಷಿನ ಉಚ್ಚಾರಕ್ಕೆ ಮಾಡಿದವು. ಕನ್ನಡಕ್ಕೆ ನಮ್ಮದೇ ಪಟ್ಟಿ ಮಾಡಿಕೊಳ್ಳುವುದು ಸುಲಭ, ಏಕೆಂದರೆ ನಮ್ಮ ಅಕ್ಷರ ಸ್ವರವನ್ನು ಹೊತ್ತೇ ಬರುತ್ತದೆ. ಆರು ಬಾಯಿ ಸಾಕು: ಪ, ಬ, ಮಗಳಿಗೆ ಮುಚ್ಚಿದ ತುಟಿ, ಅಕಾರಕ್ಕೆ ಸ್ವಲ್ಪ ತೆರೆದದ್ದು, ಆಕಾರಕ್ಕೆ ಅಗಲವಾಗಿ ತೆರೆದದ್ದು, ಇ, ಈ, ಎ, ಏಗಳಿಗೆ ಪಕ್ಕಕ್ಕೆ ಎಳೆದದ್ದು, ಉ, ಊ, ಒ, ಓಗಳಿಗೆ ದುಂಡಗಿನದು, ವಕಾರಕ್ಕೆ ಕೆಳದುಟಿ ಹಲ್ಲಿನ ಹತ್ತಿರ ಬಂದದ್ದು. ದಪ್ಪ ಕಾಗದದಲ್ಲಿ ಕತ್ತರಿಸಿ ಬಣ್ಣ ಬಳಿದು, ಹಿಂದೆ ಬ್ಲೂಟ್ಯಾಕ್ ಹಚ್ಚಿ, ಮೀಸೆಯ ಕೆಳಗೆ ಅಂಟಿಸಿ. ಅಂಟಿಸುವ ಜಾಗಕ್ಕೆ ಮುಖದಲ್ಲೇ ಒಂದು ತೆಳು ಗುಳಿ ಮಾಡಿಟ್ಟಿದ್ದರೆ ಬಾಯಿ ಅತ್ತಿತ್ತ ಓಡುವುದಿಲ್ಲ.

ಧ್ವನಿಯನ್ನು ಮೊದಲೇ ಮುದ್ರಿಸಬೇಕು. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು ಯಾವ ಅಕ್ಷರ ಎಷ್ಟನೇ ಭಂಗಿಯಲ್ಲಿ ಬರುತ್ತದೆ ಎಂದು ಚೌಕಳಿ ಹಾಳೆಯಲ್ಲಿ ಬರೆದುಕೊಳ್ಳಿ. ಅಂದಾಜಿಗೆ ಛಂದಸ್ಸಿನ ಮಾತ್ರೆಯ ಲೆಕ್ಕವೇ ಚೆನ್ನಾಗಿ ಒದಗುತ್ತದೆ: ಹ್ರಸ್ವಕ್ಕೆ ಒಂದು ಭಂಗಿ, ದೀರ್ಘಕ್ಕೆ ಎರಡು. ತಾತನ ನಿಧಾನ ಮಾತಿಗೆ ದೀರ್ಘವನ್ನು ಮೂರಕ್ಕೆ ಎಳೆಯಿರಿ. "ಬಾ ಮಗಾ, ಕೂತ್ಕೋ" ಎಂಬ ಮಾತನ್ನು ತೆಗೆದುಕೊಳ್ಳಿ. ಬಕಾರಕ್ಕೆ ಮುಚ್ಚಿದ ಬಾಯಿ ಒಂದು ಭಂಗಿ, ಆಕಾರಕ್ಕೆ ಅಗಲದ ಬಾಯಿ ಮೂರು. ಮಕಾರಕ್ಕೆ ಮುಚ್ಚಿದ್ದು ಒಂದು, ಅದರ ಅಕಾರಕ್ಕೆ ಒಂದು. ಗಾ ಎನ್ನಲು ಅಗಲದ್ದು ಮೂರು. ಆಮೇಲೆ ಮೂರು ಭಂಗಿ ಬಿಡುವು. ಕೂ ದುಂಡಗೆ ಮೂರು, ತಕಾರಕ್ಕೆ ಸ್ವಲ್ಪ ತೆರೆದದ್ದು ಒಂದು, ಕೋ ಮತ್ತೆ ದುಂಡಗೆ ಮೂರು. ಒಟ್ಟು 19 ಭಂಗಿ, ಒಂದೂವರೆ ಸೆಕೆಂಡಿಗೆ ತುಸು ಹೆಚ್ಚು. ತುಟಿ ಮುಚ್ಚುವ ಅಕ್ಷರಗಳನ್ನು ಯಾವ ಕಾರಣಕ್ಕೂ ಬಿಡಬಾರದು, ಧ್ವನಿಗಿಂತ ಒಂದು ಭಂಗಿ ಮೊದಲೇ ತುಟಿ ಮುಚ್ಚಿದರೆ ಇನ್ನೂ ಒಳ್ಳೆಯದು. ನಾಲಿಗೆಯಿಂದ ಹುಟ್ಟುವ ಲ, ನ, ದಗಳನ್ನು ಧಾರಾಳವಾಗಿ ಬಿಟ್ಟುಬಿಡಬಹುದು. ಮಾತಿನ ಕೊನೆಯಲ್ಲಿ ಬಾಯನ್ನು ಒಮ್ಮೆಲೇ ಮುಚ್ಚಬೇಡಿ. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತದೆ, ಆದ್ದರಿಂದ ಅರ್ಧ ತೆರೆದ ಬಾಯಿ ಎರಡು ಭಂಗಿ ಉಳಿದು ಆಮೇಲೆ ಮುಚ್ಚಲಿ.

ಮುರಿದಾಗ, ಮುಗಿದಾಗ

ನಡುವೆ ತೋಳು ಮುರಿದರೆ ಉಳಿದ ಗೊಂಬೆಯನ್ನು ಮುಟ್ಟಬೇಡಿ. ಬೆನ್ನಿನ ಕಡೆಯಿಂದ ಅಂಗಿ ಸರಿಸಿ ಕನೆಕ್ಟರಿನ ತಿರುಪು ಬಿಚ್ಚಿ, ಮೊದಲೇ ಮಾಡಿಟ್ಟ ಇನ್ನೊಂದು ತೋಳು ಹಾಕಿ, ಆಪ್‌ನಲ್ಲಿ ಮಸುಕಾಗಿ ಕಾಣುವ ಹಿಂದಿನ ಫ್ರೇಮಿಗೆ ಹೊಂದಿಸಿಕೊಂಡು ಮುಂದುವರಿಯಿರಿ. ಹಾಗಾಗಿ ತೋಳುಗಳನ್ನು ಜೋಡಿಯಾಗಿಯಲ್ಲ, ನಾಲ್ಕು ಮಾಡಿಡುವುದು ಜಾಣತನ. ದೃಶ್ಯದ ನಡುವೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮುಂದುವರಿಸುವುದನ್ನು ಆದಷ್ಟು ತಪ್ಪಿಸಿ. ತಂಪಿಗೆ ಹಲಗೆ, ಅಂಟು, ಬಟ್ಟೆ ಎಲ್ಲವೂ ಚೂರು ಚೂರು ಸರಿದಿರುತ್ತವೆ. ಗೊಂಬೆ ನಿಂತ ಭಂಗಿಯೊಂದು ಬಂದಾಗ ನಿಲ್ಲಿಸಿದರೆ ಆ ಜಿಗಿತ ಅಷ್ಟಾಗಿ ಕಾಣುವುದಿಲ್ಲ.

ಫೋಟೊಗಳನ್ನು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೋ ಬ್ಲೆಂಡರಿನಲ್ಲೋ ಸೇರಿಸಿ ಧ್ವನಿ ಕೂಡಿಸಿ. ಹೆಜ್ಜೆಯ ಸದ್ದು ಪಾದ ನೆಲ ಮುಟ್ಟುವ ಭಂಗಿಗೇ ಬೀಳಬೇಕು. ಬರಿಗಾಲಿನ ಸಪ್ಪಳಕ್ಕೆ ಅಂಗೈಯಿಂದ ಚಾಪೆ ತಟ್ಟಿದರೆ ಸಾಕು, ಲೋಟ ಬೆಂಚಿನ ಮೇಲೆ ಇಡುವ ಸದ್ದು ನಿಜವಾದ ಗಾಜಿನ ಲೋಟದ್ದೇ ಇರಲಿ. ಸದ್ದು ಸರಿಯಾದ ಜಾಗಕ್ಕೆ ಬಿದ್ದರೆ ಚಲನೆಯಲ್ಲಿನ ಸಣ್ಣಪುಟ್ಟ ಒರಟು ಮುಚ್ಚಿಹೋಗುತ್ತದೆ.

ಕೆಲಸ ಮುಗಿದ ಮೇಲೆ ಕಣ್ಣಿನ ಮಣಿ, ರೆಪ್ಪೆ, ಬಾಯಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಲೇಟೆಕ್ಸ್ ಕೈಗಳಿಗೆ ಬಿಸಿಲು ತಾಗದಿರಲಿ, ಎಣ್ಣೆಯೂ ಸೋಕದಿರಲಿ. ಎರಡಕ್ಕೂ ಅದು ಹಾಳಾಗುತ್ತದೆ. ಗೊಂಬೆಯ ಕೈಕಾಲು ನೇರ ಮಾಡಿ ಮಲಗಿಸಿಡುವ ಬದಲು, ಅದು ಕೊನೆಗೆ ಇದ್ದ ಭಂಗಿಯಲ್ಲೇ ಹಲಗೆಗೆ ಬೋಲ್ಟ್ ಬಿಗಿದು, ಮೇಲೊಂದು ರಟ್ಟಿನ ಪೆಟ್ಟಿಗೆ ಮುಚ್ಚಿಡಿ. ತಂತಿಗೆ ಒಂದು ಬಾಗು ಉಳಿತಾಯವಾಗುತ್ತದೆ.